ನೆಟ್ಟ ಕಣ್ಣು ನಡೆಯಲು ಕಲಿತದ್ದು

ಕೆಂಚವ್ವನಿಗೆ ಒಂದು ಅಭ್ಯಾಸವಿತ್ತು. ಯಾರನ್ನಾದರೂ ನೋಡಬೇಕು ಅನ್ನಿಸಿದರೆ ಮೊದಲು ಅವರ ಮೊಣಕೈ ಹಿಡಿದು ನಿಲ್ಲಿಸುತ್ತಿದ್ದಳು. ಮೆತ್ತಗೆ, ಎರಡೇ ಬೆರಳಲ್ಲಿ, ಹೂವಿನ ತೊಟ್ಟು ಹಿಡಿದ ಹಾಗೆ. ಆಮೇಲೆ ಅವರ ಮುಖವನ್ನು ಸಾಕಷ್ಟು ಹೊತ್ತು ನೋಡುತ್ತಿದ್ದಳು. ನೋಡಿ ಮುಗಿದ ಮೇಲೆ ಬಿಡುತ್ತಿದ್ದಳು. ಬಿಟ್ಟ ಕೂಡಲೇ ಅವರು ಹೊರಟುಬಿಡುತ್ತಿದ್ದರು, ಹೊರಟ ಕೂಡಲೇ ಅವಳಿಗೆ ಕಾಣದಂತಾಗುತ್ತಿದ್ದರು.

ಅವಳ ಕಣ್ಣಿಗೇನೂ ಕಾಯಿಲೆ ಇರಲಿಲ್ಲ. ಆಗ ಎಲ್ಲರ ಕಣ್ಣೂ ಹಾಗೇ ಇತ್ತು.

ಅದು ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಬೆರಳಿಗೆ ಮಣ್ಣು ಅಂಟುತ್ತಿತ್ತು. ಗಾಳಿಗೆ ಯಾವ ಕಡೆ ಬೀಸಬೇಕೆಂದು ಇನ್ನೂ ಗೊತ್ತಿರಲಿಲ್ಲ, ಕಂಡಕಂಡ ಮರವನ್ನೆಲ್ಲ ದಾರಿ ಕೇಳುತ್ತಿತ್ತು.

ಆಗ ಎಲ್ಲರಿಗೂ ಕಣ್ಣು ಹಂಚಿದವನು ನೇಸರ. ಬೆಳಗಿನಿಂದ ನಿಂತು ಹಂಚಿದ. ಹಕ್ಕಿಗೆ ಕೊಟ್ಟ, ಮೀನಿಗೆ ಕೊಟ್ಟ, ಇರುವೆಗೂ ಹುಡುಕಿ ಹುಡುಕಿ ಕೊಟ್ಟ. ಮನುಷ್ಯರ ಸರದಿ ಬರುವ ಹೊತ್ತಿಗೆ ಸಂಜೆಯಾಗಿಬಿಟ್ಟಿತ್ತು. ಅವನಿಗೆ ಮುಳುಗುವ ಅವಸರ. ಒಬ್ಬೊಬ್ಬರ ಕೈಗೂ ಎರಡೆರಡು ಕಣ್ಣಿಟ್ಟು, "ಚೆನ್ನಾಗಿ ನೆಟ್ಟು ನೋಡಿ" ಅಂದ. ಇನ್ನೂ ಏನೋ ಹೇಳಿದ. ಆದರೆ ಅಷ್ಟರಲ್ಲಿ ಜನ ಮನೆಯ ಕಡೆ ತಿರುಗಿದ್ದರು.

ಆ ಜನ ರಾಗಿಯ ಪೈರು ನೆಡುವವರು. ನೆಡುವುದು ಅಂದರೆ ಅವರಿಗೆ ಒಂದೇ ಅರ್ಥ ಗೊತ್ತಿತ್ತು.

ಮೂಗಿನ ಆಚೆಗೊಂದು ಈಚೆಗೊಂದು ಗುಳಿ ತೋಡಿದರು. ಗುಳಿಯಲ್ಲಿ ಕಣ್ಣಿಟ್ಟು ಹೆಬ್ಬೆರಳಿನಿಂದ ಸುತ್ತಲೂ ಒತ್ತಿದರು. ನೆಟ್ಟ ಮೇಲೆ ನೀರು ಹಾಕಬೇಕಲ್ಲ, ಹಾಕಿದರು. ಕಣ್ಣೀರು ಇರುವುದು ಆಗಿನಿಂದ. ಆಡು ಬಂದು ಮೇಯದಿರಲಿ ಎಂದು ಸುತ್ತ ಬೇಲಿಯನ್ನೂ ಕಟ್ಟಿದರು. ರೆಪ್ಪೆಯ ಕೂದಲು ಇರುವುದೂ ಆಗಿನಿಂದಲೇ.

ಅಷ್ಟು ಚೆನ್ನಾಗಿ ಆರೈಕೆ ಮಾಡಿದರೆ ಯಾವುದು ತಾನೇ ಬೇರು ಬಿಡುವುದಿಲ್ಲ? ಕಣ್ಣು ಬೇರು ಬಿಟ್ಟಿತು.

ಬೇರು ಬಿಟ್ಟ ಕಣ್ಣಿಗೆ ನಿಂತದ್ದು ಮಾತ್ರ ಕಾಣುತ್ತಿತ್ತು. ಕಲ್ಲು ಕಾಣುತ್ತಿತ್ತು, ಮರ ಕಾಣುತ್ತಿತ್ತು, ಮೆಲುಕು ಹಾಕುತ್ತ ಮಲಗಿದ ಹಸು ಕಾಣುತ್ತಿತ್ತು. ಓಡುವ ಜಿಂಕೆ ಬರೀ ಒಂದು ಕಂದು ಗೀಟು. ಹಾರುವ ಹಕ್ಕಿ ಬರೀ ಒಂದು ಸದ್ದು. ಊರಿನ ಪಕ್ಕದ ಹೊಳೆಯನ್ನು ಯಾರೋ ಬಿಸಿಲಿಗೆ ಒಣಹಾಕಿ ಮರೆತುಹೋದ ಉದ್ದನೆಯ ಬಟ್ಟೆ ಎಂದೇ ಜನ ತಿಳಿದಿದ್ದರು.

ಅದಕ್ಕೇ ಆ ಊರಲ್ಲಿ ನಡೆಯುವವರು ಕೂಗಿಕೊಂಡು ನಡೆಯಬೇಕಿತ್ತು. ಹೋಗುವವರು "ಹೋದೆ, ಹೋದೆ" ಅನ್ನಬೇಕು. ಬರುವವರು "ಬಂದೆ, ಬಂದೆ" ಅನ್ನಬೇಕು. ಬಾಯಿ ಮುಚ್ಚಿಕೊಂಡು ನಡೆಯುವವರನ್ನು ಕಂಡರೆ, ಅಂದರೆ ಅವರು ಡಿಕ್ಕಿ ಹೊಡೆದ ಮೇಲೆ ಕಂಡರೆ, ಎಲ್ಲರಿಗೂ ಸಿಟ್ಟು ಬರುತ್ತಿತ್ತು.

ದೊಡ್ಡವರೇನೋ ಕೂಗುತ್ತಾರೆ. ಮಾತು ಬಾರದ ಮಕ್ಕಳು ಏನು ಮಾಡಬೇಕು?

ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ಮಗು ಹೆಜ್ಜೆ ಇಡಲು ಶುರುಮಾಡಿದ ಕೂಡಲೇ ಗೂಟದ ಶಾಸ್ತ್ರ. ಪಾಯಸ ಮಾಡಿ, ಮಗುವಿಗೆ ಹೊಸ ಬಟ್ಟೆ ತೊಡಿಸಿ, ಹಣೆಗೆ ಕುಂಕುಮ ಇಟ್ಟು, ಅಂಗಳದ ಗೂಟಕ್ಕೆ ಅದರ ಕಾಲು ಕಟ್ಟುತ್ತಿದ್ದರು. "ಹೋದೆ" ಎನ್ನಲು ಬರುವವರೆಗೂ ಮಗು ಆ ಗೂಟದಲ್ಲೇ.

ಕೆಂಚವ್ವನ ಮಗಳ ಹೆಸರು ಚುಕ್ಕಿ. ಮಾತು ಇನ್ನೂ ಬಂದಿರಲಿಲ್ಲ. ಕಾಲು ಮಾತ್ರ ಬಂದಿತ್ತು.

ಚುಕ್ಕಿಯ ಗೂಟದ ಶಾಸ್ತ್ರ ನಾಳೆ ಎಂದಿದ್ದಾಗ ಅಜ್ಜಿ ಬಾಳವ್ವ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು. ಮೊಮ್ಮಗಳ ಕಾಲು ಕೆಂಪಾಗಬಾರದೆಂದು ಅತ್ಯಂತ ಮೆತ್ತನೆಯ ನಾರು ಆರಿಸಿದ್ದಳು.

"ಅತ್ತೆ, ಕಟ್ಟಲೇಬೇಕಾ?" ಎಂದು ಕೆಂಚವ್ವ ಕೇಳಿದಳು.

"ಕಟ್ಟದೇ ಬಿಟ್ಟು ಎಲ್ಲಿ ಅಂತ ಹುಡುಕ್ತೀಯ? ನಿನ್ನೆ ಒಲೆ ಹತ್ತಿರ ಸಿಕ್ಕಳು. ಮೊನ್ನೆ ಬಾವಿ ಕಟ್ಟೆ ಹತ್ತಿರ. ಇನ್ನೊಂದು ದಿನ ಬಾವಿಯೊಳಗೇ ಸಿಕ್ಕಿದರೆ?"

ಅತ್ತೆಯ ಮಾತು ಸುಳ್ಳಲ್ಲ.

"ನಿನ್ನ ಗಂಡನ್ನೂ ಕಟ್ಟೇ ಬೆಳೆಸಿದ್ದು. ಏನಾಗಿದೆ ಅವನಿಗೆ?" ಅಂದಳು ಬಾಳವ್ವ.

"ಏನಾಗಿದೆ ಅಂದರೆ, ಅವರು ಇವತ್ತಿಗೂ ಗೂಟ ಕಂಡರೆ ಹೋಗಿ ಪಕ್ಕದಲ್ಲಿ ಕೂರ್ತಾರೆ."

ಗಂಡ ಬೀರಯ್ಯ ಆಗಲೂ ಗೂಟದ ಪಕ್ಕದಲ್ಲೇ ಕೂತಿದ್ದ. "ಇಲ್ಲಿ ನೆರಳಿದೆ ಕಣೇ" ಅಂದ.

ಗೂಟಕ್ಕೆ ಎಷ್ಟು ನೆರಳಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಕೆಂಚವ್ವನಿಗೆ ಗೂಟದ ಮೇಲೆ ಅಷ್ಟು ಕೋಪವಿರಲಿಲ್ಲ. ಅವಳ ಸಂಕಟ ಬೇರೆ. ಚುಕ್ಕಿ ಇಲ್ಲಿ ನಿಂತಿದ್ದಳು, ಅದು ಕಾಣುತ್ತಿತ್ತು. ಆಮೇಲೆ ಅಲ್ಲಿ ನಿಂತಿದ್ದಳು, ಅದೂ ಕಾಣುತ್ತಿತ್ತು. ನಡುವೆ ಏನೋ ಆಗುತ್ತಿತ್ತು. ಪಟಪಟ ಎಂದು ಪಾದದ ಸದ್ದು, ಕಿಲಕಿಲ ಎಂದು ನಗು. ಆ ನಡುವಿನದ್ದನ್ನು ಕೆಂಚವ್ವ ಒಮ್ಮೆಯೂ ನೋಡಿರಲಿಲ್ಲ. ನಾಳೆ ಕಾಲಿಗೆ ಹಗ್ಗ ಬಿದ್ದರೆ ಆ ನಗು ನಿಲ್ಲುತ್ತದೆ. ಹಗ್ಗ ಬೀಳದಿದ್ದರೆ ಮಗುವೇ ಇಲ್ಲದಂತಾಗಬಹುದು.

ನೇಸರನನ್ನೇ ಕೇಳೋಣ ಅಂದುಕೊಂಡಳು. ಕಣ್ಣು ಕೊಟ್ಟವನು ಅವನೇ ಅಲ್ಲವೇ. ಬೆಳಕು ಹರಿಯುವಾಗ ಚುಕ್ಕಿಯನ್ನು ಎತ್ತಿಕೊಂಡು, ಮಗುವಿನ ಲಂಗದ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿ, "ಹೋದೆ, ಹೋದೆ" ಎಂದು ಪಿಸುಗುಟ್ಟುತ್ತ ಹೊರಟಳು.

ದಾರಿಯಲ್ಲಿ ಒಂದು ಕಪ್ಪೆ ಕೂತಿತ್ತು. ಅದು ಕೂತಿದ್ದರಿಂದ ಅವಳಿಗೆ ಕಂಡಿತು.

"ಯಾರದು ನಿಂತಿರೋದು?" ಎಂದು ಕಪ್ಪೆ ಕೇಳಿತು. "ಉಸಿರು ಕೇಳಿಸ್ತಿದೆ, ಮುಖ ಕಾಣ್ತಿಲ್ಲ. ಸ್ವಲ್ಪ ಅಲ್ಲಾಡಕ್ಕ."

ಕೆಂಚವ್ವ ಅಲ್ಲಾಡಿದಳು.

"ಹಾಂ, ಈಗ ಕಂಡೆ. ನಿಲ್ಲಿಸಬೇಡ, ಅಲ್ಲಾಡ್ತಾನೇ ಇರು. ನನಗೆ ಓಡಾಡೋದು ಮಾತ್ರ ಕಾಣೋದು. ನೊಣ ಮೂಗಿನ ಮೇಲೇ ಬಂದು ಕೂತರೂ ಅದು ಸುಮ್ಮನೆ ಕೂತಿದ್ದರೆ ನನ್ನ ಪಾಲಿಗಿಲ್ಲ."

"ನೀನು ಹಾರಬೇಡಪ್ಪ ಹಾಗಾದರೆ. ಹಾರಿದರೆ ನನಗೆ ಕಾಣಲ್ಲ" ಅಂದಳು ಕೆಂಚವ್ವ. ಹೀಗೆ ಅವಳು ತೂಗಾಡುತ್ತ, ಅದು ಅಲುಗದೆ ಕೂತು, ಇಬ್ಬರೂ ಮಾತಾಡಿದರು. ಚುಕ್ಕಿಗೆ ಅದು ತೊಟ್ಟಿಲು ಅನ್ನಿಸಿ ನಿದ್ದೆ ಬಂತು.

ಕಥೆಯೆಲ್ಲ ಕೇಳಿ ಕಪ್ಪೆ ಹೇಳಿತು, "ಇಷ್ಟೇ ತಾನೇ. ಬಾ, ಕಣ್ಣು ಬದಲಾಯಿಸಿಕೊಳ್ಳೋಣ. ನಿನ್ನ ಮಗಳು ಎಷ್ಟು ಓಡಿದರೂ ನಿನಗೆ ಕಾಣ್ತಾಳೆ. ನನಗೂ ಈ ಮೂಗಿನ ಮೇಲಿನ ನೊಣದ ಕಾಟ ಸಾಕಾಗಿದೆ."

ಕೆಂಚವ್ವನ ಕೈ ಕಣ್ಣಿನ ತನಕ ಹೋಯಿತು. ಅಷ್ಟರಲ್ಲಿ ಹೆಗಲ ಮೇಲೆ ಚುಕ್ಕಿಯ ಬಿಸಿ ಉಸಿರು ತಾಕಿತು.

"ಅವಳು ಮಲಗಿದಾಗ?" ಎಂದು ಕೇಳಿದಳು.

"ಮಲಗಿದರೆ ಎಲ್ಲಿ ಕಾಣ್ತಾಳೆ? ಇಲ್ಲ ಅಂತಲೇ ಲೆಕ್ಕ."

"ಬೇಡಪ್ಪ. ನಾನು ಅವಳನ್ನ ಕಣ್ತುಂಬ ನೋಡೋದೇ ಮಲಗಿದಾಗ."

ಕಪ್ಪೆಗೆ ಬೇಜಾರಾಯಿತು, ಆದರೂ ಒಳ್ಳೆಯ ಕಪ್ಪೆ ಅದು. "ನೇಸರನಿಗೆ ನಿಂತು ಮಾತಾಡೋಕೆ ಪುರುಸೊತ್ತಿಲ್ಲ, ಅವನ ಹಿಂದೆ ಹೋಗಬೇಡ. ಹೊಳೆಯನ್ನ ಕೇಳು. ಇಷ್ಟು ದಿನದಿಂದ ಅವಳ ಪಕ್ಕದಲ್ಲೇ ಇದ್ದೀನಿ. ಇದ್ದ ಕಡೆಯೇ ಇದ್ದುಕೊಂಡು ಹೋಗ್ತಾನೂ ಇರೋದು ಅವಳಿಗೆ ಮಾತ್ರ ಗೊತ್ತು."

ಕೆಂಚವ್ವ ಹೊಳೆಯ ದಂಡೆಗೆ ಹೋಗಿ, ಚುಕ್ಕಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮರಳಿನ ಮೇಲೆ ಕೂತಳು. ಎಂದಿನಂತೆ ಅವಳಿಗೆ ಕಂಡದ್ದು ಉದ್ದನೆಯ ಒಂದು ಹೊಳಪು, ಅಷ್ಟೇ.

"ಹೊಳೆಯಮ್ಮಾ, ನೀನು ಹೋಗ್ತಿದ್ದೀಯಂತೆ. ಹೌದಾ?"

"ಹೌದು ಮಗಳೇ. ನೀನು ಹುಟ್ಟುವ ಮೊದಲಿಂದ ಹೋಗ್ತಿದ್ದೀನಿ. ನಿಮ್ಮ ಊರಿನವರು ನನ್ನ ಮೇಲೆ ಹಪ್ಪಳ ಒಣಹಾಕೋಕೆ ಬಂದಿದ್ದರು ಒಂದು ಸಲ."

ಕೆಂಚವ್ವನಿಗೆ ನಾಚಿಕೆಯಾಯಿತು. ಆ ಹಪ್ಪಳ ಅವರ ಮನೆಯದೇ.

ಅವಳು ತನ್ನ ಸಂಕಟ ಹೇಳಿಕೊಂಡಳು. ಹೊಳೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು, "ನೇಸರ ಆವತ್ತು ನನ್ನ ನೀರಲ್ಲೇ ಮುಳುಗಿದ್ದು. ಅವನು ಕೊನೆಗೆ ಹೇಳಿದ ಮಾತು ನೀವು ಯಾರೂ ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ. 'ನೆಟ್ಟು ನೋಡಿ, ಗಮನ ಕೊಡಿ' ಅಂದ."

"ಗಮನ ಅಂದರೆ?"

"ಹೋಗುವುದು. ನಾನು ಮಾಡ್ತಿರೋದು ಅದೇ. ಕಣ್ಣನ್ನ ಒಂದು ಕಡೆ ನೆಟ್ಟರೆ ಸಾಲದು. ನೆಟ್ಟದ್ದರ ಜೊತೆಗೇ ಹೋಗಬೇಕು."

"ಬೇರು ಬಿಟ್ಟದ್ದು ಹೇಗೆ ಹೋಗುತ್ತೆ ತಾಯಿ?"

"ಕಣ್ಣು ತಾನಾಗಿ ಹೋಗಲ್ಲ. ಕರೆದುಕೊಂಡು ಹೋಗುವವರು ಬೇಕು. ನಿನ್ನ ತಲೆಯ ಒಳಮನೆಯಲ್ಲಿ ಒಬ್ಬ ಕೂತಿದ್ದಾನೆ, ಮಿದುಳು ಅಂತ ಅವನ ಹೆಸರು. ಕತ್ತಲೆ ಮನೆ, ಕಿಟಕಿ ಇಲ್ಲ. ಅವನು ತಾನಾಗಿ ಏನನ್ನೂ ನೋಡಿಲ್ಲ. ಕಣ್ಣು ಸುದ್ದಿ ಕಳಿಸಬೇಕು. ಕಣ್ಣು 'ಮಗು ಇಲ್ಲಿದೆ' ಅಂತ ಹೇಳಿ ಕಳಿಸುತ್ತೆ. ಆ ಸುದ್ದಿ ಒಳಮನೆ ಮುಟ್ಟುವಷ್ಟರಲ್ಲಿ ಮಗು ಅಲ್ಲಿರುತ್ತೆ. ಅವನಿಗೆ ಸಿಗೋದೆಲ್ಲ ಆರಿದ ಸುದ್ದಿ."

"ಪಾಪ" ಅಂದಳು ಕೆಂಚವ್ವ. ತನ್ನ ತಲೆಯೊಳಗೆ ಇಷ್ಟು ದಿನ ಒಬ್ಬ ಕತ್ತಲಲ್ಲಿ ಕೂತಿದ್ದ ಎಂದು ಅವಳಿಗೆ ಗೊತ್ತೇ ಇರಲಿಲ್ಲ. "ಹಾಗಾದರೆ ಅವನು ಏನು ಮಾಡಬೇಕು?"

"ಎಲ್ಲಿದೆ ಅಂತ ಕೇಳುವುದನ್ನ ಬಿಡಬೇಕು. ಎಲ್ಲಿಗೆ ಹೊರಟಿದೆ ಅಂತ ಕೇಳಬೇಕು."

ಕೆಂಚವ್ವ ಕೆನ್ನೆ ಮುಟ್ಟಿಕೊಂಡಳು. "ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದಲ್ಲಮ್ಮ. ಅಪಶಕುನ."

ಹೊಳೆ ನಕ್ಕಳು. ದಂಡೆಯ ಕಲ್ಲಿಗೆಲ್ಲ ನೀರು ಸಿಡಿಯಿತು. "ಬಾಯಿಂದ ಕೇಳಬಾರದು ಮಗಳೇ. ಕಣ್ಣಿಂದ ಕೇಳಬಹುದು."

ಆಮೇಲೆ ಹೊಳೆ ಒಂದು ಹೊಂಗೆ ಎಲೆಯನ್ನು ಮೇಲಿಂದ ತೇಲಿಬಿಟ್ಟಳು. "ಇದನ್ನು ಬಿಡಬೇಡ" ಅಂದಳು.

ಕೆಂಚವ್ವ ನೋಡಿದಳು. ಎಲೆ ಕಂಡಿತು, ಮರುಕ್ಷಣ ಇಲ್ಲ. ಹೊಳೆ ಇನ್ನೊಂದು ಎಲೆ ಬಿಟ್ಟಳು. ಮತ್ತೊಂದು ಬಿಟ್ಟಳು. ನೋಡಿ ನೋಡಿ ಕಣ್ಣಿನ ಬುಡ ಸಡಿಲವಾಯಿತು, ಉಗುರಿನಷ್ಟು. ಆಗ ಕಣ್ಣು ಮಿಡತೆಯ ಹಾಗೆ ಕುಪ್ಪಳಿಸತೊಡಗಿತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೂ ಅಲ್ಲಿಗೆ. ಆದರೆ ಕಣ್ಣು ಹೋಗಿ ಕೂತಲ್ಲಿ ಎಲೆ ಇರುತ್ತಿರಲಿಲ್ಲ. ಎಲೆ ಈಗಷ್ಟೇ ಬಿಟ್ಟುಹೋದ ನೀರು ಇರುತ್ತಿತ್ತು.

"ಹಿಂದಿನದನ್ನೇ ಕೇಳ್ತಿದ್ದೀಯ" ಅಂದಳು ಹೊಳೆ.

"ಗೊತ್ತಾಗ್ತಿದೆ. ಆಗ್ತಿಲ್ಲ."

ಅವಳು ಎಲೆಯ ಹಿಂದೆ ಬಿದ್ದಿದ್ದರಿಂದ ಸೆರಗಿನ ಗಂಟು ಬಿಚ್ಚಿಹೋದದ್ದು ತಿಳಿಯಲಿಲ್ಲ. ಚುಕ್ಕಿ ಎದ್ದಿದ್ದಳು. ಎದ್ದವಳು ಅಮ್ಮನನ್ನು ನೋಡಿದಳು, ಅಮ್ಮ ನೋಡುತ್ತಿದ್ದ ಎಲೆಯನ್ನು ನೋಡಿದಳು. ಅವಳಿಗೂ ಎಲೆ ಬೇಕು ಅನ್ನಿಸಿತು.

ಪಟಪಟ ಎಂದು ಸದ್ದು.

ಕೆಂಚವ್ವ ತಿರುಗಿದಳು. ಚುಕ್ಕಿ ಮರಳಿನ ಮೇಲೆ ನಿಂತಿದ್ದಳು. ಆಮೇಲೆ ಇರಲಿಲ್ಲ. ನೀರಿನಂಚಿನ ಕಲ್ಲಿನ ಹತ್ತಿರ ನಿಂತಿದ್ದಳು. ಆಮೇಲೆ ಇರಲಿಲ್ಲ. ಆ ಕಲ್ಲಿಗೆ ಪಾಚಿ ಹಿಡಿದಿತ್ತು, ಅದರಾಚೆಗೆ ಮಡು. ಕೆಂಚವ್ವ ಕೈ ಚಾಚಿದಳು, ಕೈಗೆ ಸಿಕ್ಕಿದ್ದು ಗಾಳಿ. ಚುಕ್ಕಿ ಈಗಷ್ಟೇ ಇದ್ದ ಜಾಗದ ಗಾಳಿ, ಇನ್ನೂ ಬೆಚ್ಚಗಿತ್ತು.

"ಹೊಳೆಯಮ್ಮ, ನಿಂತುಬಿಡು" ಅಂದಳು ಕೆಂಚವ್ವ.

"ನಿಲ್ಲೋಕೆ ನನಗೆ ಬರಲ್ಲ ಮಗಳೇ. ಕೇಳು ಅವಳನ್ನ."

ಆಗ ಕೆಂಚವ್ವ ತನ್ನ ಮಗಳು ಎಲ್ಲಿ ಎಂದು ಹುಡುಕುವುದನ್ನು ಬಿಟ್ಟಳು. ಉಸಿರು ಹಿಡಿದು, ಬಾಯಿ ತೆರೆಯದೆ, ಎರಡು ಕಣ್ಣಿನಲ್ಲೂ ಕೇಳಿದಳು. ಎಲ್ಲಿಗೆ ಹೊರಟೆ ಕಂದಾ?

ಒಳಗೆಲ್ಲೋ ಮೆತ್ತನೆಯ ಸದ್ದಾಯಿತು. ಹಸಿ ಮಣ್ಣಿನಿಂದ ಪೈರು ಕೀಳುವಾಗ ಬರುತ್ತದಲ್ಲ, ಆ ಸದ್ದು.

ಕಣ್ಣು ಜಾರಿತು.

ಅವಳು ನೋಡಿದಳು. ಒಂದು ಪುಟ್ಟ ಪಾದ ನೆಲ ಬಿಡುವುದನ್ನು ನೋಡಿದಳು. ಅದು ಗಾಳಿಯಲ್ಲಿ ಇರುವುದನ್ನು ನೋಡಿದಳು. ಅದು ಇಳಿಯುವುದನ್ನು, ಇಳಿದ ಮೇಲೆ ಮೈಯೆಲ್ಲ ಆ ಕಡೆ ವಾಲುವುದನ್ನು, ವಾಲಿದ್ದಕ್ಕೆ ಎರಡು ಕೈ ಹಕ್ಕಿಯ ಹಾಗೆ ಬಿಚ್ಚಿಕೊಳ್ಳುವುದನ್ನು ನೋಡಿದಳು. ನಡುವಿನದೆಲ್ಲ ಅಲ್ಲಿತ್ತು. ಲೋಕ ಹುಟ್ಟಿದ ಮೇಲೆ ಯಾವ ತಾಯಿಯೂ ನೋಡಿರದ್ದನ್ನು ಅವಳು ನೋಡಿದಳು. ತನ್ನ ಮಗಳು ನಡೆಯುತ್ತಿದ್ದಳು.

ಕತ್ತಲೆ ಮನೆಯಲ್ಲಿ ಕೂತಿದ್ದವನು ಎದ್ದು ನಿಂತ. ಅವನಿಗೆ ಮೊದಲ ಸಲ ಬಿಸಿ ಸುದ್ದಿ ಬಂದಿತ್ತು. ಕಾಲಿಗೆ ಹೇಳಿದ, ಮಗುವಿನ ಕಡೆ ಓಡಬೇಡ, ಕಲ್ಲಿನ ಆ ತುದಿಗೆ ಓಡು. ಕೈಗೆ ಹೇಳಿದ, ಮಗು ಇರುವಲ್ಲಿಗೆ ಹೋಗಬೇಡ, ಬರುವಲ್ಲಿಗೆ ಹೋಗಿ ಕಾಯಿ. ಕಣ್ಣಿಗೆ ಹೇಳಿದ, ನೀನು ಬಿಡಬೇಡ.

ಕಾಲು ಓಡಿತು. ಕೈ ಮುಂಚೆಯೇ ಹೋಗಿ ಬೊಗಸೆಯಾಗಿ ಕಾದಿತ್ತು. ಚುಕ್ಕಿ ಜಾರಿದಳು, ಜಾರಿ ಬಂದು ಆ ಕೈಯೊಳಗೇ ಬಿದ್ದಳು, ಅಲ್ಲಿಗೇ ಬರುವುದೆಂದು ಮೊದಲೇ ಮಾತಾಗಿತ್ತೇನೋ ಅನ್ನುವ ಹಾಗೆ. ಬಿದ್ದು ಕಿಲಕಿಲ ನಕ್ಕಳು.

ಕೆಂಚವ್ವ ಮಗುವನ್ನು ಅವಚಿಕೊಂಡು ತಲೆ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು.

ಬಟ್ಟೆಯ ಹಾಗಿದ್ದ ಹೊಳೆ ಹೋಗುತ್ತಿತ್ತು. ಇಡೀ ಹೊಳೆ, ಸುಳಿಸುಳಿಯಾಗಿ, ಒಂದು ಅಲೆ ಇನ್ನೊಂದನ್ನು ಕೈಹಿಡಿದು ಕರೆದುಕೊಂಡು. ಬರೀ ಸದ್ದಾಗಿದ್ದ ಹಕ್ಕಿಗೆ ರೆಕ್ಕೆ ಇತ್ತು, ಆ ರೆಕ್ಕೆ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಮೋಡಗಳು ಬೆಟ್ಟದ ಮೇಲೆ ನಿಂತಿರಲಿಲ್ಲ, ದಾಟುತ್ತಿದ್ದವು. ದಂಡೆಯ ಹುಲ್ಲೆಲ್ಲ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿತ್ತು. ಇಷ್ಟೆಲ್ಲ ಇಷ್ಟು ದಿನ, ಅವಳ ಎದುರಿಗೇ, ಹೀಗೇ ನಡೆದಿತ್ತು.

ಅಷ್ಟರಲ್ಲಿ "ಬಂದೆ, ಬಂದೆ" ಎಂದು ಕೂಗು ಕೇಳಿಸಿತು. ಬಾಳವ್ವ ಹಗ್ಗ ಹಿಡಿದು ಸೊಸೆಯನ್ನು ಹುಡುಕಿಕೊಂಡು ಬರುತ್ತಿದ್ದಳು. ಕೆಂಚವ್ವ ಅವಳು ಬರುವುದನ್ನು ನೋಡಿದಳು. ದಾರಿಯುದ್ದಕ್ಕೂ ನೋಡಿದಳು.

"ಅತ್ತೆ, ನಿಮ್ಮ ಎಡಗಾಲು ನೋಯುತ್ತಾ?"

ಬಾಳವ್ವ ನಿಂತಳು. "ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ನೀವು ಬರ್ತಿದ್ದಾಗ ನೋಡಿದೆ. ಆ ಕಾಲನ್ನ ಇಟ್ಟ ಕೂಡಲೇ ಎತ್ತಿಬಿಡ್ತೀರ."

ಬಾಳವ್ವನ ಎಡಗಾಲು ಮದುವೆಯಾಗಿ ಬಂದ ವರ್ಷದಿಂದ ನೋಯುತ್ತಿತ್ತು. ಅವಳು ನಡೆಯುವುದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ. ಮರಳಿನ ಮೇಲೆ ಕೂತು ಹಗ್ಗವನ್ನು ಪಕ್ಕಕ್ಕಿಟ್ಟಳು.

ಆಮೇಲೆ "ನನಗೂ ಅದನ್ನ ಹೇಳಿಕೊಡು" ಅಂದಳು. "ಇವಳು ನಡೆಯೋದನ್ನ ನಾನೂ ನೋಡಬೇಕು."

ಹೊಳೆ ಇನ್ನೊಂದು ಹೊಂಗೆ ಎಲೆ ತೇಲಿಬಿಟ್ಟಳು.

ಬಾಳವ್ವ ಕಲಿತಳು. ಬೀರಯ್ಯನೂ ಗೂಟ ಬಿಟ್ಟು ಎದ್ದು ಬಂದು ಕಲಿತ. ಊರು ಕಲಿಯಿತು, ಕಲಿಕೆ ಊರಿನಿಂದ ಊರಿಗೆ ಹೋಯಿತು. ಗೂಟದ ಶಾಸ್ತ್ರ ನಿಂತುಹೋಯಿತು, ಪಾಯಸ ಮಾತ್ರ ಉಳಿಯಿತು. ಒಂದರ ಮೇಲೆ ಮನಸ್ಸಿಟ್ಟು ನೋಡುವುದಕ್ಕೂ ಹೋಗುವುದಕ್ಕೂ ಗಮನ ಎಂಬ ಒಂದೇ ಮಾತು ಬಂದದ್ದು ಹೀಗೆ. ಕ್ಲಾಸಿನಲ್ಲಿ ಟೀಚರ್ "ನಿನ್ನ ಗಮನ ಎಲ್ಲಿದೆ?" ಎಂದು ಕೇಳಿದರೆ, ನೀನು ಎಲ್ಲಿಗೆ ಹೋಗಿದ್ದೀಯ ಎಂದೇ ಅರ್ಥ.

ಆದರೆ ಕೆಂಚವ್ವ ಇನ್ನೊಂದು ಸಲ ಹೊಳೆಯ ಹತ್ತಿರ ಹೋದಳು, ಒಬ್ಬಳೇ. ಒಂದು ಎಲೆಯನ್ನು ಹಿಡಿದು ಕಣ್ಣು ಜಾರುತ್ತ ಹೋಯಿತು, ಎಣ್ಣೆ ಸವರಿದ ಹಾಗೆ. ಹೊಳೆಯ ತಿರುವು ಬಂತು. ಎಲೆ ತಿರುವಿನಾಚೆ ಹೋಯಿತು. ಅಲ್ಲಿಗೆ ಜಾರುವುದು ನಿಂತಿತು. ಖಾಲಿ ನೀರಿನ ಮೇಲೆ ಕಣ್ಣು ಮತ್ತೆ ಮಿಡತೆಯಾಗಿ ಕುಪ್ಪಳಿಸತೊಡಗಿತು, ಇಲ್ಲಿ, ಅಲ್ಲಿ, ಮತ್ತೆ ಇಲ್ಲಿ.

"ಹೊಳೆಯಮ್ಮ" ಅಂದಳು ಕೆಂಚವ್ವ. "ಮುಂದೆ ಏನಾದರೂ ಹೋಗ್ತಿದ್ದರೆ ಮಾತ್ರ ಇದು ಜಾರುತ್ತೆ. ಚುಕ್ಕಿ ದೊಡ್ಡವಳಾಗ್ತಾಳೆ. ಒಂದು ದಿನ ಆ ತಿರುವಿನಾಚೆ ಹೋಗ್ತಾಳೆ. ಆಗಲೂ ನನ್ನ ಕಣ್ಣು ಅವಳ ಹಿಂದೆ ಹೋಗೋ ಹಾಗೆ ಮಾಡು. ಇನ್ನು ಸ್ವಲ್ಪ ದೂರ."

ಹೊಳೆ ಹೋಗುತ್ತಲೇ ಇದ್ದಳು.

ನಂಬಿಕೆ ಬರದಿದ್ದರೆ ಗೆಳತಿಯನ್ನು ಎದುರಿಗೆ ಕೂರಿಸಿಕೊಳ್ಳಿ. ಖಾಲಿ ಗೋಡೆಯ ಈ ತುದಿಯಿಂದ ಆ ತುದಿಗೆ ಕಣ್ಣನ್ನು ಮೆತ್ತಗೆ ಜಾರಿಸು ಎಂದು ಹೇಳಿ ಅವಳ ಕಣ್ಣನ್ನೇ ನೋಡಿ: ಅದು ಜಾರುವುದಿಲ್ಲ, ಕುಪ್ಪಳಿಸುತ್ತದೆ, ಆಮೇಲೆ ನಿಮ್ಮ ಬೆರಳನ್ನು ಅವಳ ಮುಂದೆ ನಿಧಾನವಾಗಿ ಆಡಿಸಿ, ಅದೇ ಕಣ್ಣು ಹೊಳೆಯ ಹಾಗೆ ಹೊರಟುಬಿಡುತ್ತದೆ. ಮತ್ತು ನಿಮ್ಮ ಸ್ಕೂಲ್ ಬಸ್ಸು ತಿರುವು ದಾಟಿದ ಮೇಲೆ, ಗೇಟಿನಲ್ಲಿ ನಿಂತ ಅಮ್ಮನ ಕಣ್ಣು ಖಾಲಿ ರಸ್ತೆಯ ಮೇಲೆ ಇಲ್ಲಿ, ಅಲ್ಲಿ, ಮತ್ತೆ ಇಲ್ಲಿ ಕುಪ್ಪಳಿಸುತ್ತ ಇವತ್ತಿಗೂ ಅದನ್ನೇ ಕೇಳುತ್ತಿರುತ್ತದೆ: ಇನ್ನು ಸ್ವಲ್ಪ ದೂರ.